ಅಜ್ಜಿಯ ದನಿಯನ್ನು ಮೊದಲು ಉಳಿಸಿಕೊಳ್ಳಿ

ಪ್ರಶ್ನೆ: ಹಾವೇರಿ ಜಿಲ್ಲೆಯ ನಮ್ಮೂರಿನಲ್ಲಿ ನನ್ನ ಅಜ್ಜಿ ಬೀಸುವ ಪದ, ಸೋಬಾನೆ ಪದಗಳಿಗೆ ಹೆಸರಾದವರು. ಓದುಬರಹ ಬಾರದ ಅವರಿಂದ ಕೇಳಿ ನನ್ನ ತಾಯಿ ಬರೆದಿಟ್ಟ ನೋಟ್‌ಬುಕ್‌ಗಳೂ ಅಜ್ಜಿಯೇ ಹಾಡಿದ ಕ್ಯಾಸೆಟ್‌ಗಳೂ ಮನೆಯಲ್ಲಿವೆ. ಮೊದಲ ವರ್ಷದ ಪುಣ್ಯಸ್ಮರಣೆಗೆ ಅವರ ಹೆಸರಿನಲ್ಲಿ ಊರ ಶಾಲೆಗೆ ಕಮಾನು ಕಟ್ಟಿಸೋಣ ಎಂದು ಅಣ್ಣ ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ: ಅಣ್ಣನವರ ಆಸೆ ಒಳ್ಳೆಯದೇ. ಆದರೆ ಕಮಾನನ್ನು ನಾಲ್ಕು ವರ್ಷ ಬಿಟ್ಟೂ ಕಟ್ಟಿಸಬಹುದು, ಕ್ಯಾಸೆಟ್ಟು ಅಷ್ಟು ಕಾಲ ಕಾಯಲಾರದು. ತೇವಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ, ಅದರ ಮೇಲಿನ ಲೇಪ ಸಡಿಲವಾಗುತ್ತದೆ. ಕ್ಯಾಸೆಟ್ ಪ್ಲೇಯರ್‌ಗಳೂ ಅವನ್ನು ರಿಪೇರಿ ಮಾಡುವವರೂ ಈಗಲೇ ಅಪರೂಪ. ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಮೂಲೆಗಳಲ್ಲಿ ಸಣ್ಣ ಪ್ಲಾಸ್ಟಿಕ್ ಚೂರುಗಳಿರುತ್ತವೆ, ಅವನ್ನು ಇಂದೇ ಮುರಿದುಬಿಡಿ. ಆಮೇಲೆ ಯಾರಾದರೂ ಅರಿಯದೆ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜಿಯ ದನಿ ಅಳಿಯುವುದಿಲ್ಲ. ನಂತರ ಅನುಭವಿಗಳ ಕೈಯಲ್ಲಿ ಕಂಪ್ಯೂಟರಿಗೆ ಇಳಿಸಿಸಿ. ಎಂಪಿ3 ಒಂದೇ ಸಾಲದು, ಧ್ವನಿಯ ವಿವರವನ್ನು ಕಳೆಯದ ವೇವ್ ಕಡತವೂ ಇರಲಿ, ಪ್ರತಿಗಳು ಬೇರೆ ಬೇರೆ ಮನೆಗಳಲ್ಲಿರಲಿ. ಹಾಡಿನ ನಡುವೆ ಅವರು ಕೆಮ್ಮಿದ್ದು, ಮಕ್ಕಳನ್ನು ಗದರಿದ್ದು ಕೇಳಿಸಿದರೆ ದಯವಿಟ್ಟು ಅದನ್ನು ಕತ್ತರಿಸಬೇಡಿ.

ನೋಟ್‌ಬುಕ್ಕಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪೂ ಬೇಡ. ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ. ಅದಕ್ಕಿಂತ ಮುಖ್ಯವಾದ ಕೆಲಸವೆಂದರೆ ತಾಯಿಯವರೊಂದಿಗೆ ಕುಳಿತು, ಒಂದೊಂದು ಪದವನ್ನೂ ಅಜ್ಜಿ ಯಾರಿಂದ ಕಲಿತರು, ಅರಿಶಿನ ಹಚ್ಚುವಾಗ ಹಾಡುತ್ತಿದ್ದರೋ ಹೆಣ್ಣು ಒಪ್ಪಿಸುವಾಗ ಹಾಡುತ್ತಿದ್ದರೋ ಎಂಬುದನ್ನು ಕೇಳಿ ಬರೆದುಕೊಳ್ಳುವುದು, ಏಕೆಂದರೆ ಆ ತಿಳಿವಳಿಕೆ ಈಗ ತಾಯಿಯವರ ನೆನಪಿನಲ್ಲಿ ಮಾತ್ರ ಇದೆ. ಅಜ್ಜಿಯ ಆಡುಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ.

ಮಧುರಚೆನ್ನ ಮೊದಲಾದ ಸಾಹಿತಿಗಳ ಬಳಗವಾದ ಹಲಸಂಗಿ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೂಡಿಸಿ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ್ದಾರೆ. ಆದರೂ ಇಂತಹ ಸಂಗ್ರಹಗಳ ಮುಖಪುಟದ ಮೇಲೆ ಸಾಮಾನ್ಯವಾಗಿ ಕಾಣುವುದು ಸಂಗ್ರಾಹಕರ ಹೆಸರು. ಹಾಡಿದವರ ಹೆಸರು ಒಳಗೆಲ್ಲೋ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ನೀವು ಪುಸ್ತಕ ತರುವುದಾದರೆ ಅಜ್ಜಿಯ ಹೆಸರು ಮೊದಲು ಬರಲಿ, ಬರೆದುಕೊಂಡ ತಾಯಿಯವರ ಹೆಸರು ಅದರ ಕೆಳಗಿರಲಿ. ಅಜ್ಜಿಗೆ ಸಲ್ಲಬೇಕಾದ ಗೌರವ ಅದು.

ನಿಮ್ಮ ಜಿಲ್ಲೆಯ ಗೊಟಗೋಡಿಯಲ್ಲಿಯೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕವೆಂಬ ಜನಪದ ಕಲೆಗಳ ಸಂಗ್ರಹಾಲಯವಿದೆ. ಅಲ್ಲಿ ವಿಚಾರಿಸಿ, ಅವರು ಒಪ್ಪಿದರೆ ಪ್ರತಿಯನ್ನು ಕೊಡಿ, ಮೂಲವನ್ನು ಮನೆಯಲ್ಲಿಟ್ಟುಕೊಳ್ಳಿ. ಕಮಾನಿಗೆಂದು ತೆಗೆದಿಟ್ಟ ಹಣವನ್ನು ಅಣ್ಣನವರು ದತ್ತಿಯಾಗಿ ಠೇವಣಿ ಇರಿಸಿದರೆ, ಅದರ ಬಡ್ಡಿಯಲ್ಲಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಜನಪದ ಗೀತೆಗಳ ಸ್ಪರ್ಧೆಯನ್ನೂ ಏರ್ಪಡಿಸಬಹುದು.

ಕಾನೂನಿನ ಒಂದು ವಿಷಯವೂ ಇದೆ. ಪರಂಪರೆಯಿಂದ ಬಂದ ಪದಗಳು ಯಾರೊಬ್ಬರ ಸೊತ್ತೂ ಅಲ್ಲ. ಅಜ್ಜಿ ತಾವೇ ಕಟ್ಟಿದ ಪದಗಳಿದ್ದರೆ ಮಾತ್ರ ಅವುಗಳ ಹಕ್ಕುಸ್ವಾಮ್ಯ ವಾರಸುದಾರರಿಗೆ ಸೇರುತ್ತದೆ; ಕರ್ತೃ ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾಗುವ ಕೃತಿಗೆ ಆ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಆದ್ದರಿಂದ ಅಚ್ಚಿಗೆ ಕೊಡುವ ಮುನ್ನ ಅಜ್ಜಿಯ ಮಕ್ಕಳೆಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಸಹಿಯೂ ಅದರಲ್ಲಿರಲಿ.