ಇಗ್ಲೋಯಿ ತರಬೇತಿ ಅಂದ್ರೆ ಬರೀ ಇಂಟರ್‌ವಲ್ ಅಲ್ಲ

ಹಂಗೇರಿಯ ಓಟದ ಕೋಚ್ ಮಿಹಾಯ್ ಇಗ್ಲೋಯಿ ತಮ್ಮ ಓಟಗಾರರನ್ನು ಸುಮ್ನೆ ಇಂಟರ್‌ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವುದು) ಓಡಿಸಿಯೇ ಬೆಳೆಸಿದರಾ, ಅಮೆರಿಕಕ್ಕೆ ಯಾಕೆ ಹೋದರು ಅಂತ ಕೇಳಿದ್ದೀರಿ.

ಇಂಟರ್‌ವಲ್ ನಿಜ, ಆದರೆ ಅದರ ಜೀವ ಬೇರೆ ಕಡೆ ಇತ್ತು. 100, 150, 200 ಮೀಟರ್‌ಗಳ ಸಣ್ಣ ಓಟಗಳು, ಕಂತುಕಂತಾಗಿ, ದಿನಕ್ಕೆ ಎರಡು ಹೊತ್ತು. ಎಲ್ಲರಿಗೂ ಒಂದೇ ಪಟ್ಟಿ ಇರಲಿಲ್ಲ. ಟ್ರ್ಯಾಕ್ ಪಕ್ಕ ನಿಂತು ಒಬ್ಬೊಬ್ಬರ ಓಟ ನೋಡುತ್ತಾ, ಮುಂದಿನದು ಹಗುರವಾಗಿ ಓಡಬೇಕೋ ಜೋರಾಗಿಯೋ ಅಂತ ಅಲ್ಲೇ ಹೇಳುತ್ತಿದ್ದರು. ನನಗೆ ಅವರ ದೊಡ್ಡತನ ಕಾಣುವುದು ಆ ಕಣ್ಣಿನಲ್ಲೇ.

ಸ್ವತಃ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಡಿದವರು. ಬುಡಾಪೆಸ್ಟ್‌ನ ಹೊನ್ವೇದ್ ಕ್ಲಬ್‌ನಲ್ಲಿ ಇಹಾರೊಷ್, ತಾಬೊರಿ, ರೋಜವೊಲ್ಜಿ ಎಂಬ ಓಟಗಾರರನ್ನು ತಯಾರು ಮಾಡಿದರು. 1955ರಲ್ಲಿ ಇಹಾರೊಷ್ 1500ರಿಂದ 5000 ಮೀಟರ್‌ವರೆಗೆ ದಾಖಲೆ ಮುರಿದದ್ದೇ ಮುರಿದದ್ದು!

ಮರುವರ್ಷ ಮೆಲ್ಬೋರ್ನ್ ಒಲಿಂಪಿಕ್ಸ್ ಹೊತ್ತಿಗೆ ಬುಡಾಪೆಸ್ಟ್‌ನ ದಂಗೆಯನ್ನು ಸೋವಿಯತ್ ಟ್ಯಾಂಕ್‌ಗಳು ತುಳಿದಿದ್ದವು. ಅಂಥ ಮನಸ್ಸಿನಲ್ಲಿ ಓಡೋದು ಎಷ್ಟು ಕಷ್ಟ, ಅಲ್ವಾ? ತಾಬೊರಿ 1500ರಲ್ಲಿ ನಾಲ್ಕನೆಯವರಾದರು. ಗುರು ಶಿಷ್ಯ ಇಬ್ಬರೂ ಊರಿಗೆ ಮರಳದೆ ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಇಗ್ಲೋಯಿ ಕೈಯಲ್ಲಿ ಪಳಗಿದ ಜಿಮ್ ಬೀಟಿ 1962ರಲ್ಲಿ ಒಳಾಂಗಣದಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲಿಗ. ಅವರದೇ ಇನ್ನೊಬ್ಬ ಶಿಷ್ಯ ಬಾಬ್ ಶೂಲ್ 1964ರಲ್ಲಿ ಟೋಕಿಯೋದ 5000 ಮೀಟರ್ ಚಿನ್ನ ಗೆದ್ದರು. ಆಮೇಲೆ ಇಗ್ಲೋಯಿ ಗ್ರೀಸ್‌ನಲ್ಲೂ ಕಲಿಸಿದರು.