ಹಳೆಯ ಪಕ್ಷಿಚಿತ್ರಗಳ ಪ್ರತಿಗಳಿಂದ ಮನೆಯ ಗೋಡೆ ಅಲಂಕರಿಸುವುದು ಹೇಗೆ? ಒಳ್ಳೆಯ ಪ್ರತಿಗಳು ಎಲ್ಲಿ ಸಿಗುತ್ತವೆ?

ದುಡ್ಡು ಕೊಟ್ಟು ಪೋಸ್ಟರ್ ಕೊಳ್ಳುವ ಮುಂಚೆ ಅಮೆರಿಕದ ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಅವರ 'ಬರ್ಡ್ಸ್ ಆಫ್ ಅಮೆರಿಕಾ' ಪುಸ್ತಕ ನೋಡಿ. 1827ರಿಂದ 1838ರವರೆಗೆ ಅಚ್ಚಾದ ಇದರಲ್ಲಿ 435 ಚಿತ್ರಗಳಿವೆ. ಅಮೆರಿಕದ ಪಕ್ಷಿ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಆಡುಬಾನ್ ಸೊಸೈಟಿಯ ಜಾಲತಾಣದಲ್ಲಿ ಎಲ್ಲವನ್ನೂ ದೊಡ್ಡ ಫೈಲ್‌ಗಳಾಗಿ ಉಚಿತವಾಗಿ ಇಳಿಸಿಕೊಳ್ಳಬಹುದು.

ಚಿತ್ರ ಆರಿಸುವಾಗ ಒಂದು ವಿಷಯ ನೆನಪಿಡಿ. ಆಡುಬಾನ್ ಪ್ರತಿ ಹಕ್ಕಿಯನ್ನೂ ಅದರ ನಿಜವಾದ ಅಳತೆಯಲ್ಲೇ ಬರೆದರು. ಅದಕ್ಕೇ ಕಾಗದ ಸುಮಾರು 39 ಇಂಚು ಉದ್ದ, 26 ಇಂಚು ಅಗಲ. ಅಷ್ಟಿದ್ದರೂ ಫ್ಲೆಮಿಂಗೋ ಹಿಡಿಸಲು ಅದರ ಕತ್ತನ್ನು ಕೆಳಕ್ಕೆ ಬಾಗಿಸಬೇಕಾಯಿತು. ಎಷ್ಟು ಚೆಂದದ ಬಾಗು ಅದು! ಅದನ್ನು ಎ4 ಹಾಳೆಗೆ ಇಳಿಸಿದರೆ ಆ ಗತ್ತೇ ಹೋಗುತ್ತದೆ. ಚಿಕ್ಕ ಗೋಡೆಗೆ ಚಿಕ್ಕ ಹಕ್ಕಿಗಳೇ ಸರಿ.

ನಮ್ಮ ನಾಡಿನ ಹಕ್ಕಿಗಳೇ ಬೇಕಾದರೆ, 1770ರ ದಶಕದ ಕೊನೆಯಲ್ಲಿ ಕಲ್ಕತ್ತಾದಲ್ಲಿ ಅಲ್ಲಿನ ಬ್ರಿಟಿಷ್ ಮುಖ್ಯ ನ್ಯಾಯಾಧೀಶರ ಪತ್ನಿ ಮೇರಿ ಇಂಪಿ ಅವರಿಗಾಗಿ ಕಲಾವಿದ ಶೇಖ್ ಜೈನುದ್ದೀನ್ ಬರೆದ ಚಿತ್ರಗಳನ್ನು ಹುಡುಕಿ. ಬಿಳಿ ಹಿನ್ನೆಲೆಯಲ್ಲಿ ಒಂದೊಂದು ಗರಿಯೂ ಎಣಿಸುವಷ್ಟು ಸ್ಪಷ್ಟ. ನನಗಂತೂ ಇವೇ ಜಾಸ್ತಿ ಇಷ್ಟ.

ಎ3 ಪ್ರಿಂಟಿಗೆ ಸುಮಾರು 3500 × 5000 ಪಿಕ್ಸೆಲ್ ಇದ್ದರೆ ಒಳ್ಳೆಯದು. ಹೊಳಪಿಲ್ಲದ ದಪ್ಪ ಕಾಗದವೇ ಇರಲಿ. ಹಳೆಯ ಕಾಗದದ ನಸುಹಳದಿಯನ್ನು ಬಿಳಿ ಮಾಡಲು ಹೋಗಬೇಡಿ, ಬಣ್ಣಗಳೆಲ್ಲ ಕೆಡುತ್ತವೆ. ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಾಗಿ ಕೂರುವ ದಪ್ಪ ರಟ್ಟು) ಹಾಕಿಸಿ. ನೇರ ಬಿಸಿಲು ಬೀಳುವ ಗೋಡೆ, ಮಳೆಗಾಲದಲ್ಲಿ ತೇವ ಏರುವ ಗೋಡೆ ಎರಡೂ ಬೇಡ.