ಗುಲ್ಬರ್ಗ ವಿವಿಯೋ, ಹೈದರಾಬಾದೋ: ಮೊದಲು ಗೈಡ್ ನೋಡಿ

ಗುಲ್ಬರ್ಗ ವಿಶ್ವವಿದ್ಯಾಲಯ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಎರಡರಲ್ಲೂ ರಾಜ್ಯಶಾಸ್ತ್ರದ ಪಿಎಚ್‌ಡಿ ಸೀಟು ಸಿಕ್ಕಿದರೂ ನಿಮಗೆ ತೀರ್ಮಾನ ಆಗುತ್ತಿಲ್ಲ. ಕಾರಣ, ನೀವು ಹೆಸರುಗಳನ್ನು ತೂಗುತ್ತಿದ್ದೀರಿ. ತೂಗಬೇಕಾದ್ದು ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು, ಯಾರು ಅನ್ನೋದನ್ನು.

ಎರಡೂ ಕಡೆ ಯಾರು ಸಿಗುತ್ತಾರೆ, ಅವರ ನಿವೃತ್ತಿ ಯಾವಾಗ ಎಂದು ಸಂಕೋಚ ಬಿಟ್ಟು ಕೇಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಆದರೆ 4 ವರ್ಷ ಉಳಿದಿದ್ದರೂ ನಿಮ್ಮ ಕೆಲಸ ಮುಗಿಯದೇ ಇರಬಹುದು. ನನ್ನ ಗೈಡ್ ನಡುವೆ ನಿವೃತ್ತರಾಗಿ ಒಂದು ವರ್ಷ ಸುಮ್ನೆ ಹೋಯಿತು. ನಿಮಗೆ ಸಿಗಬಹುದಾದ ಗೈಡ್ ಹತ್ತಿರ ಈಗ ಸಂಶೋಧನೆ ಮಾಡುತ್ತಿರುವ ಇಬ್ಬರಿಗೆ ಫೋನ್ ಮಾಡಿ. ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಹೇಳುತ್ತಾರೆ ಎಂದು ಕೇಳಿ.

ಆಮೇಲೆ ದುಡ್ಡು. ಜೆಆರ್‌ಎಫ್ (ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಇದ್ದರೆ ತಿಂಗಳಿಗೆ 37,000 ರೂಪಾಯಿ, ಎರಡೂ ಕಡೆ ಅದೇ. ಇಲ್ಲದಿದ್ದರೆ ಕೇಂದ್ರೀಯ ವಿವಿ ಕೊಡುವ ತಿಂಗಳ 8,000 ರೂಪಾಯಿ ಫೆಲೋಶಿಪ್‌ನಲ್ಲಿ ಹೈದರಾಬಾದಿನ ಖರ್ಚು ತೂಗಿಸೋದು ಕಷ್ಟ. ಹಾಸ್ಟೆಲ್ ಖಾತ್ರಿಯಾಗದೆ ಒಪ್ಪಬೇಡಿ.

ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371(ಜೆ) ವಿಧಿ ಬಂದ ಮೇಲಿನ ನೇಮಕಾತಿ ನಿಮ್ಮ ಸಂಶೋಧನೆಯ ವಿಷಯ ಅಲ್ವಾ? ಅದಕ್ಕೆ ಬೇಕಾದ ಜನ, ಕಚೇರಿ, ಕಡತ ಜಾಸ್ತಿ ಸಿಗೋದು ಕಲಬುರಗಿಯಲ್ಲೇ. ನಿಜಾಮರ ಕಾಲದ ಆಡಳಿತಕ್ಕೆ ಹೋಗುವುದಾದರೆ ಮಾತ್ರ ಹೈದರಾಬಾದಿನ ಪತ್ರಾಗಾರ ಬೇಕು. ಅದಕ್ಕೂ ರೈಲಿನಲ್ಲಿ ಹೋಗಿ ಬರಬಹುದು. ಗೈಡ್‌ಗಳು ಸಮ ಅನಿಸಿದರೆ ನಾನಾದರೆ ಕಲಬುರಗಿ ಆರಿಸುತ್ತೇನೆ. ಮುಂದೆ ಹೊರರಾಜ್ಯದಲ್ಲಿ ಕೆಲಸ ಹುಡುಕುವ ಆಸೆ ಇದ್ದರೆ ಹೈದರಾಬಾದ್ ಒಳ್ಳೆಯದು.

ಗೈಡ್ ಒಪ್ಪಿಗೆ ಇಮೇಲ್‌ನಲ್ಲಿ ಬರುವವರೆಗೆ ಇನ್ನೊಂದು ಸೀಟು ಬಿಡಬೇಡಿ.